ಬೀಗದ ಕೈ ಇದ್ದವನು

ಕಾಫಿ ಸೀಮೆಯ ಕೆಲವು ಹಳೆಯ ತೋಟಗಳಲ್ಲಿ ಗೋದಾಮಿನ ಬಾಗಿಲಿಗೆ ಎರಡು ಬೀಗಗಳಿರುತ್ತಿದ್ದವು. ಒಂದರ ಕೈ ಮ್ಯಾನೇಜರರ ಮೇಜಿನ ಸೆಳೆಖಾನೆಯಲ್ಲಿ, ಮತ್ತೊಂದರದು ರೈಟರ ಸೊಂಟದಲ್ಲಿ. ರೈಟರು ಒಂದು ದಿನ ಕಳಸದ ಜಾತ್ರೆಗೆ ಹೋಗಬೇಕಾದರೂ ತಮ್ಮ ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಗಂಟೆ ನಮೂದಿಸಿ, ರುಜು ಪಡೆದ ಮೇಲೆಯೇ ಹೊಸ್ತಿಲು ದಾಟಬೇಕು. ಮೂಡಿಗೆರೆಯ ಸೀಮೆಯ ಒಂದು ತೋಟದಲ್ಲಿ ಮೂವತ್ತು ವರ್ಷ ರೈಟರಾಗಿದ್ದು ಬಿಡುವು ಪಡೆದ ಹಿರಿಯರೊಬ್ಬರು ಅಂಥ ರುಜು ಪುಸ್ತಕಗಳನ್ನು ಇಂದಿಗೂ ಅಟ್ಟದ ಮೇಲೆ ಕಾಪಾಡಿಕೊಂಡಿದ್ದಾರೆ. ಮಳೆಗಾಲದಲ್ಲಿ ಸೌದೆ ಹಸಿಯಾದಾಗಲೆಲ್ಲ ಮನೆಯಾಕೆಯ ಕಣ್ಣು ಅವುಗಳ ಮೇಲೆ ಬೀಳುತ್ತದೆ. ಹಿರಿಯರು ಮಾತ್ರ ಜಗ್ಗುವವರಲ್ಲ.

ಅವರ ಮಗ ತೋಟಕ್ಕೆ ಹೋಗಲಿಲ್ಲ. ಕಂಪ್ಯೂಟರಿನ ವಿದ್ಯೆ ಕಲಿತು, ಬೆಳೆಗಾರರಿಂದ ಕಾಫಿ ಕೊಳ್ಳುವ ಒಂದು ವ್ಯಾಪಾರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ. ಹತ್ತು ಹನ್ನೆರಡು ಯಂತ್ರಗಳು, ಅವನ್ನು ಹೆಣೆದ ಒಂದು ಜಾಲ, ಆ ಜಾಲಕ್ಕೊಬ್ಬ ಕಾವಲುಗಾರ. ನೇಮಕದ ಕಾಗದದಲ್ಲಿ ಅವನ ಹುದ್ದೆಗೆ ‘ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್’ ಎಂಬ ಭಾರಿ ಹೆಸರಿತ್ತು. ಪ್ರಿಂಟರಿಗೆ ಶಾಯಿ ತುಂಬುವುದೂ, ಕೆಟ್ಟ ತಂತಿ ಬದಲಿಸುವುದೂ ಅದೇ ಹೆಸರಿನ ಕೆಳಗೆ ಬರುತ್ತಿದ್ದವು.

ಎಲ್ಲ ಕೋಣೆಗಳಿಗೂ ಹೊಂದುವ ಬೀಗದ ಕೈಯೊಂದು ಈ ಜಾಲದಲ್ಲಿಯೂ ಇರುತ್ತದೆ. ‘ಅಡ್ಮಿನ್’ ಎಂಬ ಹೆಸರಿನಿಂದ ಒಳಹೊಕ್ಕವನು ಯಾವ ಲೆಕ್ಕವನ್ನಾದರೂ ನೋಡಬಲ್ಲ, ತಿದ್ದಬಲ್ಲ. ಅದರ ಗುಪ್ತಪದ ಮೊದಲು ಆ ಯುವಕನೊಬ್ಬನಿಗೇ ತಿಳಿದಿತ್ತು. “ನಾಳೆ ನಿನಗೇನಾದರೂ ಆದರೆ ಅಂಗಡಿ ಮುಚ್ಚಬೇಕೇನಪ್ಪ?” ಎಂದು ಸಾಹುಕಾರರು ಕೇಳಿದರು. ನ್ಯಾಯವಾದ ಮಾತೇ. ಅವನು ಚೀಟಿಯಲ್ಲಿ ಬರೆದುಕೊಟ್ಟ. ಸಾಹುಕಾರರ ಮಗ ಆ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಲೆಕ್ಕದ ತಂತ್ರಾಂಶ ಒದಗಿಸಿದ ಬೆಂಗಳೂರಿನವರು, ದೂರದಿಂದಲೇ ದುರಸ್ತಿ ಮಾಡಲು ಬೇಕೆಂದು ಅವರೂ ಪಡೆದುಕೊಂಡರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಮಾಡಿಕೊಡುತ್ತೇನೆಂದು ಅವನು ಕೇಳಿಕೊಂಡಾಗ, “ಇರುವ ನಾಲ್ಕು ಜನಕ್ಕೆ ನಾಲ್ಕು ಹೆಸರೇ?” ಎಂದು ನಕ್ಕರಂತೆ.

ಕಬ್ಬಿಣದ ಬೀಗದ ಕೈಗೆ ಒಂದು ಸದ್ಗುಣವಿದೆ. ಅದು ಒಬ್ಬನ ಸೊಂಟದಲ್ಲಿದ್ದಾಗ ಇನ್ನೊಬ್ಬನ ಸೊಂಟದಲ್ಲಿರಲಾರದು. ಗುಪ್ತಪದಕ್ಕೆ ಈ ಮರ್ಯಾದೆಯಿಲ್ಲ. ಅದು ಏಕಕಾಲದಲ್ಲಿ ನಾಲ್ಕು ಜೇಬುಗಳಲ್ಲಿರುತ್ತದೆ. ನಾಲ್ವರಲ್ಲಿ ಯಾರು ಬಳಸಿದರೂ ಪುಸ್ತಕದಲ್ಲಿ ಬೀಳುವುದು ಒಂದೇ ಹೆಸರು.

2019ರ ಆಗಸ್ಟಿನ ಮಳೆಯನ್ನು ಮಲೆನಾಡಿನವರು ಮರೆತಿರಲಾರರು. ಗುಡ್ಡಗಳು ಜರಿದವು, ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿಂತಿತು, ಭದ್ರೆ ಉಕ್ಕಿ, ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ನೀರಿನಡಿ ಮುಳುಗಿತು. ರಜೆಯ ಮೇಲೆ ಬಂದಿದ್ದ ಯುವಕ ಸೇತುವೆಯ ಆಚೆಯ ತಮ್ಮ ಮನೆಯಲ್ಲಿ ಸಿಕ್ಕಿಬಿದ್ದ. ಕರೆಂಟು ಹೋಗಿ ಎರಡು ದಿನ ಕಳೆದಿತ್ತು. ಮೊಬೈಲು, ಅಪ್ಪಯ್ಯನ ಬೀಗದ ಕೈಯಷ್ಟೇ ಮೂಕವಾಗಿ ಗೂಡಿನಲ್ಲಿ ಮಲಗಿತ್ತು.

ಆ ಎರಡನೆಯ ರಾತ್ರಿಯೇ ‘ಅಡ್ಮಿನ್’ ಎಂಬ ಹೆಸರಿನಲ್ಲಿ ಯಾರೋ ಸಂಸ್ಥೆಯ ಲೆಕ್ಕವನ್ನು ತೆರೆದಿದ್ದರು. ಒಣಗಿದ ಚೆರಿ ಕಾಫಿಯ ಬೆಲೆ ನಿಂತಿರುವುದು ಔಟ್‌ಟರ್ನಿನ ಮೇಲೆ, ಎಂದರೆ 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಇಳಿಯುತ್ತದೆಂಬುದರ ಮೇಲೆ. ಕೆಲವು ಬೆಳೆಗಾರರ ಹೆಸರಿನೆದುರು 28 ಇದ್ದದ್ದು 26 ಆಗಿತ್ತು. ಎರಡು ಕಿಲೋ ಎಂದರೆ ಪೇಟೆಯ ಓದುಗರಿಗೆ ಅಲ್ಪವೆನಿಸಬಹುದು. ನೂರು ಚೀಲ ಹಾಕಿದವನು ಕಳೆದುಕೊಳ್ಳುವುದು ಇನ್ನೂರು ಕಿಲೋ ಬೀಜದ ಹಣ. ಬೆಳೆಗಾರರು ಅಂಗಡಿಯ ಮುಂದೆ ನೆರೆದರು. ಯಾರಾದರೂ ಒಬ್ಬ ತಪ್ಪಿತಸ್ಥ ಸಂಜೆಯೊಳಗೆ ಬೇಕಾಗಿತ್ತು. ನದಿಯಿಳಿದು ಯುವಕ ಕೆಲಸಕ್ಕೆ ಬಂದಾಗ ವಜಾದ ಕಾಗದ ಮೇಜಿನ ಮೇಲೆ ಸಿದ್ಧವಾಗಿತ್ತು. “ಅಡ್ಮಿನ್ ಎಂದರೆ ನೀನೇ ತಾನೆ?” ಎಂಬುದಷ್ಟೇ ವಿಚಾರಣೆ.

ಯಾವ ಯಂತ್ರದಿಂದ ಒಳಬಂದಿದ್ದಾರೆ, ಅದರ ವಿಳಾಸ ತೋರಿಸಿ ಎಂದು ಅವನು ಬೇಡಿದ. ಆ ದಾಖಲೆ ಕೆಲವೇ ದಿನ ಉಳಿದು, ಹೊಸತು ಬಂದಂತೆ ಹಳೆಯದು ಅಳಿಯುವ ಏರ್ಪಾಡಿನದು. ಇವನು ಹೊಳೆಯ ಆಚೆ ಇದ್ದಾಗಲೇ ಅಳಿದುಹೋಗಿತ್ತು. ನಡೆದದ್ದು ದ್ರೋಹವೋ, ದೂರದ ದುರಸ್ತಿಗಾರರ ಪ್ರಮಾದವೋ ಇಂದಿಗೂ ತಿಳಿದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ಪೊಲೀಸರಿಗೆ ದೂರು ಕೊಡುವುದಾಗಿಯೂ ಬೆದರಿಸಿದರು. ಆ 2000ದ ಕಾಯಿದೆಯ 43ನೆಯ ಕಲಮು, ಒಡೆಯನ ಅಥವಾ ಉಸ್ತುವಾರಿ ಹೊತ್ತವನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸಬಾರದೆನ್ನುತ್ತದೆ. ಉಸ್ತುವಾರಿ ಹೊತ್ತವನು ಇವನೇ! ತನ್ನ ಅನುಮತಿಯಿಲ್ಲದೆ ತಾನೇ ಒಳನುಗ್ಗಿದನೆಂದು ಆರೋಪಿಸಬೇಕಾದ ಈ ಸಂದಿಗ್ಧವನ್ನು ವಕೀಲರು ತೋರಿಸಿಕೊಟ್ಟ ಮೇಲೆ ದೂರಿನ ಮಾತು ನಿಂತಿತು. ಕೆಲಸ ಮಾತ್ರ ಬರಲಿಲ್ಲ.

ಮನೆಯಲ್ಲಿ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ.

“ಕೈ ಕೊಡುವಾಗ ಯಾರ ರುಜು ತಗೊಂಡೆ ಮಗಾ?”

“ಅದಕ್ಕೆಲ್ಲ ರುಜು ಇಲ್ಲ ಅಪ್ಪಯ್ಯ.”

ಹಿರಿಯರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಹಳ ಹೊತ್ತು ಮಳೆಯನ್ನೇ ನೋಡುತ್ತ ಕುಳಿತರಂತೆ. ಮೂವತ್ತು ವರ್ಷ ತಾವು ಕಾದದ್ದು ಕಾಫಿಯನ್ನೋ, ಆ ಪುಸ್ತಕವನ್ನೋ ಎಂಬ ಯೋಚನೆ ಬಂದಿರಬಹುದು.

ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಕೊಟ್ಟ ತೀರ್ಪನ್ನು ಯುವಕ ಪತ್ರಿಕೆಯಲ್ಲಿ ಓದಿದ. ಇಂಗ್ಲೆಂಡಿನ ಹಳ್ಳಿಗಳ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶವನ್ನು 1999ರಿಂದ ಅಳವಡಿಸಿದ್ದರು. ಪೆಟ್ಟಿಗೆಯಲ್ಲಿರುವ ಹಣಕ್ಕೂ ತೆರೆಯ ಮೇಲಿನ ಅಂಕಿಗೂ ತಾಳೆಯಾಗದಿದ್ದರೆ ಕದ್ದವನು ಪೋಸ್ಟ್‌ಮಾಸ್ಟರನೇ ಎಂದು ಇಲಾಖೆ ನಿಶ್ಚಯಿಸುತ್ತಿತ್ತು; ಬೇರೆಯವರು ಆ ಲೆಕ್ಕಕ್ಕೆ ಕೈ ಹಾಕಲಾರರೆಂದು ವರ್ಷಗಟ್ಟಲೆ ಸಾಧಿಸಿತು. 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ನಡೆದವು. ಭಾರತೀಯ ಮೂಲದ ಸೀಮಾ ಮಿಶ್ರಾ ಎಂಬಾಕೆಯನ್ನು 2010ರಲ್ಲಿ, ಗರ್ಭಿಣಿಯಾಗಿದ್ದಾಗಲೇ, ಮಗನ ಹತ್ತನೆಯ ಹುಟ್ಟುಹಬ್ಬದ ದಿನ ಸೆರೆಮನೆಗೆ ಕಳುಹಿಸಿದರು. ವೇಲ್ಸಿನ ಅಲನ್ ಬೇಟ್ಸ್ ಎಂಬವರು ಕೆಲಸ ಕಳೆದುಕೊಂಡದ್ದು 2003ರಲ್ಲಿ. ತಂತ್ರಾಂಶ ಮಾಡಿದ ಫುಜಿತ್ಸು ಸಂಸ್ಥೆಯ ನೌಕರರು, ಪೋಸ್ಟ್‌ಮಾಸ್ಟರಿಗೆ ತಿಳಿಯದಂತೆ ದೂರದಿಂದಲೇ ಲೆಕ್ಕ ಬದಲಿಸಬಹುದಾಗಿತ್ತೆಂದು ನ್ಯಾಯಾಲಯ ಕಂಡುಕೊಂಡಿತು. ಬೇಟ್ಸರು ಅದಕ್ಕಾಗಿ ಹದಿನಾರು ವರ್ಷ ಕಾದಿದ್ದರು. ಸೀಮಾ ಮಿಶ್ರಾರ ಶಿಕ್ಷೆ ರದ್ದಾದದ್ದು 2021ರಲ್ಲಿ.

ಯುವಕ ಆ ಪತ್ರಿಕೆಯ ತುಂಡನ್ನು ಕತ್ತರಿಸಿಕೊಂಡು ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದ. ಒಬ್ಬನನ್ನು ವಜಾ ಮಾಡಿದರೂ ಅದನ್ನು ಕೈಗಾರಿಕಾ ವಿವಾದವೆಂದು ಎಣಿಸಲು ಆಗ ಜಾರಿಯಲ್ಲಿದ್ದ 1947ರ ಕಾಯಿದೆಯಲ್ಲಿ 1965ರಿಂದಲೇ ಅವಕಾಶವಿತ್ತು. ಎದುರು ಪಕ್ಷದವರ ವಾದ ಸ್ವಾರಸ್ಯವಾಗಿತ್ತು: ಆಡಳಿತದ ಅಧಿಕಾರವುಳ್ಳವನು ಆ ಕಾಯಿದೆಯ ‘ಕಾರ್ಮಿಕ’ನಲ್ಲ, ಇವನ ಹುದ್ದೆಯ ಹೆಸರೇ ‘ಅಡ್ಮಿನಿಸ್ಟ್ರೇಟರ್’, ಆದುದರಿಂದ ಇವನಿಗೆ ಅಲ್ಲಿ ಜಾಗವೇ ಇಲ್ಲ! ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಮಾಡುವ ಕೆಲಸವನ್ನು ನೋಡಬೇಕೆಂಬುದು ನ್ಯಾಯಾಲಯಗಳ ಹಳೆಯ ನಿಲುವು. ಪ್ರಿಂಟರಿನ ಶಾಯಿ ಅಂದು ಅವನ ನೆರವಿಗೆ ಬಂದಿತು.

ಮುಂದೂಡಿಕೆಗಳ ಕಥೆಯನ್ನು ಬೆಳೆಸಬೇಕಾಗಿಲ್ಲ. ಕೊನೆಗೆ 2022ರಲ್ಲಿ ರಾಜಿಯಾಯಿತು. ವಜಾದ ಕಾಗದ ಹಿಂದೆ ಹೋಗಿ, ಅವನೇ ರಾಜೀನಾಮೆ ಕೊಟ್ಟನೆಂದಾಯಿತು. ಒಂದಿಷ್ಟು ಹಣವೂ ಬಂದಿತು. ಆ ರಾತ್ರಿ ಬೀಗ ತೆರೆದವರು ಯಾರೆಂಬ ಪ್ರಶ್ನೆ ರಾಜಿಯ ಕಾಗದದಲ್ಲಿಲ್ಲ. ಸಂತೆಯಲ್ಲಿ ಅವನನ್ನು ಕಂಡು ಮಾತು ತಗ್ಗಿಸುವ ಬೆಳೆಗಾರರು ಈಗಲೂ ಒಬ್ಬಿಬ್ಬರಿದ್ದಾರೆ.

ಈಗ ಅವನು ಕಳಸದ ಪೇಟೆಯಲ್ಲಿ ಒಂದು ಸಣ್ಣ ಕೋಣೆ ಹಿಡಿದು, ಬೆಳೆಗಾರರ ಅರ್ಜಿಗಳನ್ನೂ ಲೆಕ್ಕಗಳನ್ನೂ ಕಂಪ್ಯೂಟರಿಗೆ ಏರಿಸಿಕೊಡುತ್ತಾನೆ. ಬರುವವರು ತಮ್ಮ ಗುಪ್ತಪದವನ್ನು ಗಟ್ಟಿಯಾಗಿ ಹೇಳಿಯೇಬಿಡುತ್ತಾರೆ. ಕೆಲವರು ಬಸ್ಸಿನ ಟಿಕೀಟಿನ ಹಿಂದೆ ಬರೆದು ತರುತ್ತಾರೆ. ಅವನು ಚೀಟಿಯನ್ನು ಮುಟ್ಟುವುದಿಲ್ಲ. ಕನ್ನಡಕ ಮರೆತು ಬಂದ ಅಜ್ಜನಾದರೂ ಸರಿ, ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, “ನೀವೇ ಒತ್ತಿ ಅಜ್ಜಯ್ಯ, ನಿಧಾನವಾಗಿ” ಎಂದು ಹೇಳಿ, ಬಾಗಿಲ ಬಳಿಗೆ ಹೋಗಿ ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಾನೆ.