ನಂದಿಯ ಮೇಲೆ ಏಳು ನೆರೆಯವರು

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ರವಾಸಿಗನಿಗೆ ದೇವನಹಳ್ಳಿ ಸಮೀಪಿಸುತ್ತಿದ್ದಂತೆಯೇ ನಂದಿಬೆಟ್ಟದ ದರ್ಶನವಾಗುತ್ತದೆ. ಇತ್ತ ಟಿಪ್ಪು ಸುಲ್ತಾನನ ಜನ್ಮಸ್ಥಳವೆನಿಸಿದ ಹಳೆಯ ಕೋಟೆ, ಊರಿಗೆ ಹೆಸರು ತಂದ ಚಕೋತದ ತೋಟಗಳು. ಅತ್ತ 4,850 ಅಡಿ ಎತ್ತರದ ಬಂಡೆಯ ಗಿರಿ. ಬೆಟ್ಟವು ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆಯಾದರೂ ಬೆಂಗಳೂರಿನವರು ಅಲ್ಲಿಗೆ ಏರುವುದು ದೇವನಹಳ್ಳಿಯ ಹಾದಿಯಿಂದಲೇ. ಮುಂಜಾನೆಯ ಮಂಜನ್ನು ಕಾಣಲು ಮಕ್ಕಳುಮರಿಗಳೊಡನೆ ಬರುವ ಸಂಸಾರಗಳಲ್ಲಿ ಎಷ್ಟೋ ಮಂದಿಗೆ, ಹಿಂದೊಮ್ಮೆ ಏಳು ರಾಷ್ಟ್ರಗಳ ನಾಯಕರು ಇದೇ ಬೆಟ್ಟದ ಮೇಲೆ ಕೂಡಿ ಕುಳಿತಿದ್ದರೆಂಬುದು ತಿಳಿದಿರಲಾರದು.

ಅದು 1986ನೆಯ ಇಸವಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಮೊದಲಾದ ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆ ಆಗಸ್ಟಿನಲ್ಲಿ ತಾನೇ ಹುಟ್ಟಿತ್ತು. ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಸಾರ್ಕ್ ಸಂಘಟನೆಯ ಎರಡನೆಯ ಶೃಂಗಸಭೆ ನೆರೆಯಿತು. ಭಾರತದ ರಾಜೀವ್ ಗಾಂಧಿ, ಪಾಕಿಸ್ತಾನದ ಜುನೇಜೊ, ಬಾಂಗ್ಲಾದೇಶದ ಎರ್ಷಾದ್, ಶ್ರೀಲಂಕೆಯ ಜಯವರ್ಧನೆ, ಮಾಲ್ಡೀವ್ಸಿನ ಗಯೂಮ್, ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಇವರೇ ಆ ಏಳು ಮಂದಿ. ಸಭಾಂಗಣದ ಕಟ್ಟುಪಾಡುಗಳಿಲ್ಲದೆ ಮನಬಿಚ್ಚಿ ಮಾತನಾಡಲೆಂದು ಅವರಿಗಾಗಿ ಆರಿಸಿದ ಏಕಾಂತಸ್ಥಳವೇ ನಂದಿ.

ಬಂದವರ ನಾಡುಗಳ ವಯಸ್ಸನ್ನು ಎಣಿಸಿದರೆ ಅಚ್ಚರಿಯಾಗುತ್ತದೆ. ನೇಪಾಳ, ಭೂತಾನಗಳು ಬ್ರಿಟಿಷರ ನೇರ ಆಡಳಿತಕ್ಕೆ ಸಿಲುಕಿದವಲ್ಲ. ಉಳಿದವುಗಳಲ್ಲಿ ಭಾರತ, ಪಾಕಿಸ್ತಾನಗಳು 1947ರಲ್ಲಿಯೂ, ಸಿಂಹಳವು 1948ರಲ್ಲಿಯೂ, ಮಾಲ್ಡೀವ್ಸ್ 1965ರಲ್ಲಿಯೂ ಸ್ವತಂತ್ರವಾದವು; ಬಾಂಗ್ಲಾದೇಶವು 1971ರ ಯುದ್ಧದಲ್ಲಿ ಮೈದಳೆಯಿತು. ಯಾವ ಸ್ವಾತಂತ್ರ್ಯಕ್ಕೂ ಆಗ ನಲವತ್ತು ತುಂಬಿರಲಿಲ್ಲ. ಪಾಕಿಸ್ತಾನವು ಸೇನಾಶಾಸನದಿಂದ ಹೊರಬಂದು ವರ್ಷವೂ ಕಳೆದಿರಲಿಲ್ಲ. ಬಾಂಗ್ಲಾದೇಶದಲ್ಲಿ ಅದು ಕೊನೆಗೊಂಡದ್ದು ಅದೇ ನವೆಂಬರಿನಲ್ಲಿ. ನೇಪಾಳದಲ್ಲಿ ರಾಜಕೀಯ ಪಕ್ಷಗಳಿಗೆ ನಿಷೇಧವಿತ್ತು. ಸಿಂಹಳವು 1983ರ ಗಲಭೆಯ ತರುವಾಯ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಆದರೂ ಇವರೆಲ್ಲ ಪರಸ್ಪರ ಅಪರಿಚಿತರಲ್ಲ. 1949ರಲ್ಲಿ ಬ್ರಿಟನ್ನಿನಿಂದ ಪಡೆದ ಯುದ್ಧನೌಕೆಯೊಂದಕ್ಕೆ ಪಾಕಿಸ್ತಾನವು ಇಟ್ಟ ಹೆಸರು ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನದೇ! ಮನೆ ಒಡೆದು ಪಾಲಾದರೂ ನೆನಪುಗಳನ್ನು ಪಾಲು ಮಾಡುವುದು ಸುಲಭವಲ್ಲ.

ಬೆಂಗಳೂರಿನ ಸಭೆಯಿಂದ ದೊರೆತ ಫಲವೂ ಉಂಟು. ಸಂಘಟನೆಗೆ ಒಂದು ಶಾಶ್ವತ ಕಾರ್ಯಾಲಯ ಬೇಕೆಂದು ಇಲ್ಲಿ ಒಪ್ಪಂದವಾಗಿ, 1987ರ ಜನವರಿಯಲ್ಲಿ ಅದು ಕಠ್ಮಂಡುವಿನಲ್ಲಿ ಆರಂಭವಾಯಿತು. ಆದರೆ ಸಾರ್ಕಿನ ಸನ್ನದಿನಲ್ಲಿ ಒಂದು ಕಟ್ಟಳೆಯಿದೆ: ಇಬ್ಬರು ನೆರೆಯವರ ನಡುವಣ ವಿವಾದಗಳನ್ನು ಸಭೆಯಲ್ಲಿ ಎತ್ತಬಾರದು. ಕೃಷಿ, ಆರೋಗ್ಯ, ಹವಾಮಾನಗಳ ಮಾತು ಮೇಜಿನ ಮೇಲೆ. ಸಾವು ಬದುಕಿನ ಮಾತು ಮೇಜಿನ ಹೊರಗೆ. ಅಂತೆಯೇ ಆ ದಿನಗಳಲ್ಲಿ ಮದರಾಸಿನಲ್ಲಿ ನೆಲೆಸಿದ್ದ ತಮಿಳು ಹುಲಿಗಳ ನಾಯಕ ಪ್ರಭಾಕರನ್‌ನನ್ನು ಬೆಂಗಳೂರಿಗೆ ಕರೆಸಿ, ಸಿಂಹಳದ ತಮಿಳರಿಗೆ ಅಧಿಕಾರ ಹಂಚುವ ಸೂತ್ರವೊಂದಕ್ಕೆ ಒಪ್ಪಿಸುವ ಪ್ರಯತ್ನ ಬೇರೆಯಾಗಿಯೇ ನಡೆಯಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರೂ ಅದರಲ್ಲಿ ಪಾಲುಗೊಂಡಿದ್ದರು. ಪ್ರಭಾಕರನ್ ಒಪ್ಪಲಿಲ್ಲ.

ಅನಂತರದ ಕಥೆ ದುಃಖಕರ. 1987ರ ಜುಲೈಯಲ್ಲಿ ಭಾರತ-ಶ್ರೀಲಂಕಾ ಒಪ್ಪಂದವಾಯಿತು. ಶಾಂತಿ ಕಾಯಲು ಹೋದ ಭಾರತದ ಸೇನೆಯಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಮಡಿದರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರೇ ಬಾಂಬಿಗೆ ಬಲಿಯಾದರು. ಹೊಸಕೋಟೆಯನ್ನು ಹಾದು ಮದರಾಸಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲೆಯೇ ಇದೆ ಆ ಊರು. ಕೊಲೆಯ ಸಂಚುಗಾರರಲ್ಲಿ ಮುಖ್ಯನಾದ ಶಿವರಸನ್ ಅದೇ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತನು. ನೆರೆಮನೆಯ ಬೆಂಕಿಗೆ ಬೇಲಿ ಅಡ್ಡವಾಗುವುದಿಲ್ಲ.

ಉಳಿದವರ ಪಾಡೇನಾಯಿತು? ಜುನೇಜೊ 1988ರಲ್ಲಿ ವಜಾಗೊಂಡರು. ಎರ್ಷಾದ್ 1990ರ ಜನಾಂದೋಲನಕ್ಕೆ ಮಣಿದು ಇಳಿದರು. ದೊರೆ ಬೀರೇಂದ್ರ 2001ರಲ್ಲಿ ತಮ್ಮ ಅರಮನೆಯಲ್ಲಿಯೇ ಹತರಾದರು. 2008ರಲ್ಲಿ ನೇಪಾಳದ ಅರಸೊತ್ತಿಗೆಯೇ ಅಳಿಯಿತು. ಭೂತಾನದ ದೊರೆಯೊಬ್ಬರು ಮಾತ್ರ ತಾವಾಗಿಯೇ 2006ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟು, ಪ್ರಜೆಗಳಿಗೆ ಚುನಾವಣೆಯ ದಾರಿ ತೆರೆದರು.

ವ್ಯಾಪಾರದ ಮಾತೂ ಅಷ್ಟಕ್ಕಷ್ಟೆ. ಮುಕ್ತ ವ್ಯಾಪಾರದ ಒಡಂಬಡಿಕೆ 2006ರಲ್ಲಿ ಜಾರಿಗೆ ಬಂದಿತಾದರೂ, ಈ ರಾಷ್ಟ್ರಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ಕೊಳುಕೊಡೆಯ ಪಾಲು ನೂರಕ್ಕೆ ಐದರ ಆಸುಪಾಸಿನಲ್ಲಿಯೇ ನಿಂತಿದೆ. 2008ರಲ್ಲಿ ದೇವನಹಳ್ಳಿಯ ಬಯಲಿನಲ್ಲಿ ತೆರೆದ ವಿಮಾನನಿಲ್ದಾಣದಿಂದ ಕೊಲಂಬೊ ಒಂದೂವರೆ ಗಂಟೆಯ ಪಯಣ. ಆದರೆ ಏಳು ಮಂದಿ ಎಂಟಾದ ಮೇಲೂ, 2014ರ ಕಠ್ಮಂಡು ಸಭೆಯ ತರುವಾಯ ನಾಯಕರ ಶೃಂಗಸಭೆ ನೆರೆದಿಲ್ಲ.

ನಂದಿಯ ಸೀಮೆ ನದಿಗಳ ತವರು. ಅರ್ಕಾವತಿ ದೊಡ್ಡಬಳ್ಳಾಪುರದ ಕಡೆ ಇಳಿದು ಕಾವೇರಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿ ಆಂಧ್ರಕ್ಕೂ, ದಕ್ಷಿಣ ಪಿನಾಕಿನಿ ಹೊಸಕೋಟೆ ಸೀಮೆಯ ಮೂಲಕ ತಮಿಳುನಾಡಿಗೂ ಸಾಗುತ್ತವೆ. ದಕ್ಷಿಣ ಪಿನಾಕಿನಿಯ ನೀರಿಗಾಗಿ ಮೈಸೂರು-ಮದರಾಸುಗಳು 1892ರಲ್ಲಿಯೇ ಒಪ್ಪಂದ ಮಾಡಿಕೊಂಡವು. 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಜಗಳವೇನೋ ಮುಗಿದಿಲ್ಲ. ಆದರೆ ಅದನ್ನು ಎತ್ತಿ ಆಡಲು, ಕೇಳಿ ತೀರ್ಪು ಕೊಡಲು ಒಂದು ಸ್ಥಾನವುಂಟು. ನಂದಿಯ ಮೇಲೆ ಕುಳಿತ ಏಳು ನೆರೆಯವರಿಗೆ ತಂಪು ಗಾಳಿಯಿತ್ತು, ಸೌಜನ್ಯವಿತ್ತು, ಸದಿಚ್ಛೆಯೂ ಇದ್ದಿತು; ಇಲ್ಲದಿದ್ದುದು ಅಂತಹ ಒಂದು ಸ್ಥಾನ ಮಾತ್ರ.