ಚಂದಾ ಕೊಟ್ಟು ಎದುರಿಗೆ ಕೂರೋದು

ತೇಜಸ್ವಿ ಅಭಿಮಾನಿಗಳು ಇಬ್ಬರು ಸೇರಿದ್ರೆ ಸಾಕು, 'ಕರ್ವಾಲೊ' ಸಿನಿಮಾಕ್ಕೆ ಪಾತ್ರ ಹಂಚೋದು ಶುರು. ಮಂದಣ್ಣ ಯಾರಾಗ್ಬೇಕು, ಹಾರುವ ಓತಿಗೆ ಗ್ರಾಫಿಕ್ಸ್ ಬೇಕಾ ಬೇಡ್ವಾ. ಕೊನೆಗೆ, 'ಒಂದಕ್ಷರಾನೂ ಬದಲಾಗ್ಬಾರ್ದು' ಅನ್ನೋ ತೀರ್ಮಾನ. ಥೇಟ್ ನಮ್ಮ ಆಫೀಸೇ: ಕೋಡ್ ಬರೆಯೋನು ಒಬ್ಬ, ರಿವ್ಯೂ ಮಾಡೋರು ಹತ್ತು ಜನ.

ಅದಕ್ಕೇ 'ಡೇರ್‌ಡೆವಿಲ್ ಮುಸ್ತಾಫಾ' ನನಗೆ ದೊಡ್ಡ ಸಂಗತಿ. 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಈ ಕತೆಯನ್ನ ಶಶಾಂಕ್ ಸೋಗಾಲ್ ಸಿನಿಮಾ ಮಾಡಲು ಹೊರಟಾಗ, ಸುಮಾರು 100 ಜನ ತೇಜಸ್ವಿ ಓದುಗರು ದುಡ್ಡು ಹಾಕಿದ್ರು. 2023ರಲ್ಲಿ ಸಿನಿಮಾ ತೆರೆಗೂ ಬಂತು. ಅಷ್ಟೂ ಜನರ ತಲೇಲಿ ಅಷ್ಟೂ ಥರದ ಮುಸ್ತಾಫಾ ಇದ್ದಿರಬೇಕು. ಸಣ್ಣ ಕತೆಯೊಂದು ಇಡೀ ಸಿನಿಮಾ ಆಗ್ಬೇಕಾದ್ರೆ ತೇಜಸ್ವಿ ಬರೆಯದೇ ಇದ್ದದ್ದೂ ಸೇರಲೇಬೇಕು. ಗೊತ್ತಿದ್ದೂ ಕೊಟ್ಟರಲ್ಲ!

ನನ್ನ ಮಂದಣ್ಣನಿಗೆ ನಮ್ಮೂರಲ್ಲಿ ಜೇನು ಕೀಳ್ತಿದ್ದ ಒಬ್ಬರ ಮುಖ ಇದೆ. ಅವರೀಗಿಲ್ಲ, ನನ್ನ ಹತ್ರ ಅವರದ್ದೊಂದು ಫೋಟೋನೂ ಇಲ್ಲ. ನಾಳೆ ಯಾರಾದ್ರೂ 'ಕರ್ವಾಲೊ' ತೆಗೆದ್ರೆ ನಟನ ಮುಖ ಅಲ್ಲಿ ಬಂದು ಕೂತ್ಕೊಳ್ಳುತ್ತೆ. ಅದರ ಭಯ ನನಗಿದೆ.

ಆದ್ರೂ ಕೇಳಿದ್ರೆ ದುಡ್ಡು ಕೊಡ್ತೀನಿ. ಊರಲ್ಲಿ ಬಯಲಾಟಕ್ಕೆ ಚಂದಾ ಕೊಟ್ಟೋರು ಯಾರೂ ಬಣ್ಣ ತಿದ್ದೋಕೆ ಚೌಕಿಗೆ ನುಗ್ಗುತ್ತಿರಲಿಲ್ಲ. ಕಂಬಳಿ ಹೊದ್ದು, ವೇಷ ಬರೋದನ್ನೇ ಕಾಯ್ತಾ ಎದುರಿಗೆ ಕೂರ್ತಿದ್ರು.