ಟಿ.ವಿ.ಗೆ ಬೈದರೆ ಸಾಕೇ?

ನಮ್ಮ ಸಾಸಲು ಹೋಬಳಿಯಲ್ಲಿ ಟಿ.ವಿ. ನೋಡುವುದಕ್ಕಿಂತ ಟಿ.ವಿ.ಗೆ ಬೈಯುವುದರಲ್ಲೇ ಹೆಚ್ಚು ಸುಖ. ಟೀ ಅಂಗಡಿಯ ಗೋಡೆಯ ಮೇಲೆ ಆ್ಯಂಕರ್ ಮಹಾಶಯ ಅರಚುತ್ತಿದ್ದರೆ, ಬೆಂಚಿನ ಮೇಲಿದ್ದವರು ‘ಇವನ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವೇನ್ರೀ?’ ಅನ್ನುತ್ತಾರೆ. ಅಷ್ಟರಲ್ಲಿ ಮಾತು ರಾಗಿ ರೇಟಿಗೆ ಜಾರುತ್ತದೆ.

ಬೀಗ ಹಾಕುವವರಿಲ್ಲದಿದ್ದರೂ ಕಿವಿ ಹಿಂಡುವವರಿದ್ದಾರೆ ಸ್ವಾಮಿ. ಕೊರೊನಾ ಕಾಲ ನೆನಪಿದೆಯಲ್ಲ? 2020ರ ಏಪ್ರಿಲ್‌ನಲ್ಲಿ ರೋಗ ಹರಡಿದ್ದು ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಸಂಘಟನೆಯೇ ಎಂದು ಚಾನೆಲ್ಲುಗಳು ಕೂಗಾಡಿದ್ದೇ ಕೂಗಾಡಿದ್ದು. ಬೆಂಗಳೂರಿನ ಕೆಲವರು ಮಾತ್ರ ಬೈದು ಸುಮ್ಮನಾಗದೆ ದೂರು ಬರೆದರು. ಆ ದೂರಿನ ಮೇಲೆ ಸುದ್ದಿ ವಾಹಿನಿಗಳೇ ಕಟ್ಟಿಕೊಂಡ ಮಾನದಂಡ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಆಗ ಅದು ಹಾಕಬಹುದಾಗಿದ್ದ ಗರಿಷ್ಠ ದಂಡವೇ 1 ಲಕ್ಷ! ಇಷ್ಟು ಪುಡಿಗಾಸಿಗೆ ಯಾರು ಹೆದರುತ್ತಾರೆಂದು 2023ರಲ್ಲಿ ಸುಪ್ರೀಂ ಕೋರ್ಟಿಗೂ ಅನಿಸಿತು.

ಪತ್ರಿಕೆಗಳ ಮೇಲಿನ ದೂರು ಕೇಳುವುದು ಭಾರತೀಯ ಪತ್ರಿಕಾ ಮಂಡಳಿ. ಅದರ ಕೈಯಲ್ಲಿ ದಂಡವೂ ಇಲ್ಲ. ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ಅಷ್ಟೇ. ಊರ ಹಿರಿಯರು ಪೋಲಿ ಹುಡುಗನಿಗೆ ಬುದ್ಧಿ ಹೇಳಿ ಮನೆಗೆ ಕಳಿಸಿದ ಹಾಗೆ. ತುರ್ತುಪರಿಸ್ಥಿತಿಯಲ್ಲಿ ಇಂಥ ಬಡಪಾಯಿ ಮಂಡಳಿಯನ್ನೂ ಮುಚ್ಚಿಬಿಟ್ಟಿದ್ದರು. 1978ರ ಕಾಯ್ದೆ ಬಂದ ಮೇಲೆಯೇ ಅದಕ್ಕೆ ಮರುಜೀವ.

ಹಾಗಂತ ಕೈಯಲ್ಲಿ ಕೋಲಿದ್ದವರೇ ನ್ಯಾಯ ಹೇಳಲಿ ಅಂದೀರಿ, ಜೋಕೆ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಪತ್ರಕರ್ತ ರವಿ ಬೆಳಗೆರೆಗೂ, ‘ಯಲಹಂಕ ವಾಯ್ಸ್’ ಪತ್ರಿಕೆಯ ಸಂಪಾದಕರಿಗೂ ಶಾಸಕರ ಬಗ್ಗೆ ಬರೆದದ್ದಕ್ಕೆ ಹಕ್ಕುಚ್ಯುತಿಯ ಹೆಸರಿನಲ್ಲಿ ಒಂದು ವರ್ಷ ಜೈಲು, 10 ಸಾವಿರ ದಂಡ ವಿಧಿಸಿತು. ಬರಹ ಹೇಗಾದರೂ ಇರಲಿ, ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟದ್ದೂ ಅವರದೇ ಮನೆ! ಅದಕ್ಕಿಂತ ಹಲ್ಲಿಲ್ಲದ ಮಂಡಳಿಯೇ ವಾಸಿ ಅನ್ನುವವನು ನಾನು.

ಇನ್ನು ಮೇಲೆ ಟೀ ಕುಡಿಯುತ್ತಾ ಸಿಟ್ಟು ಬಂದರೆ ದಿನಾಂಕ, ಹೊತ್ತು, ಕಾರ್ಯಕ್ರಮದ ಹೆಸರು ಬರೆದಿಟ್ಟುಕೊಳ್ಳಿ. ಟಿ.ವಿ. ಪ್ರಾಧಿಕಾರದ ಲೆಕ್ಕದಲ್ಲಿ ಪ್ರಸಾರವಾದ 7 ದಿನದೊಳಗೆ ದೂರು ಮೊದಲು ಚಾನೆಲ್ಲಿಗೇ ಹೋಗಬೇಕು. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ. ದಿನಪತ್ರಿಕೆ, ವಾರಪತ್ರಿಕೆಗಳ ದೂರು ಮಂಡಳಿಗೆ ತಲುಪಲು ಎರಡು ತಿಂಗಳ ಗಡುವು.